ಎದೆಯ ಮೇಲೆ ಎರಡು ಪಾದ

ಸತ್ತ ಗಂಡನಿಗೆ ಬಟ್ಟೆ ಉಡಿಸುವ ಕೆಲಸವನ್ನು ಸಿರಿಶಾ ಯಾರಿಗೂ ಬಿಡಲಿಲ್ಲ. ಅತ್ತೆ ಜಪಾನಿನಿಂದ ಬಂದಿಳಿಯುವುದರೊಳಗೆ ಶಿಂಗೊನ ಎದೆ ಮುಚ್ಚಿರಬೇಕಿತ್ತು. ಅವರು ನೆಲೆಸಿದ್ದ ಗ್ರೀನ್‌ಫರ್ಡಿನ ಶವಸಂಸ್ಕಾರದವರ ಹಿಂದಿನ ಕೋಣೆಯಲ್ಲಿ ಅಕ್ಕ ಜಾಹ್ನವಿ ಹೆಣದ ಭುಜ ಎತ್ತಿ ಹಿಡಿದಳು. ಸಿರಿಶಾ ಬಿಳಿ ಕಿಮೋನೊ ತೊಡಿಸಿ ನಡುಪಟ್ಟಿ ಬಿಗಿದಳು.

"ಇಷ್ಟೊಂದು ಗಂಟು ಯಾಕೇ? ಅವರೇನು ಬಿಚ್ಚಿ ನೋಡ್ತಾರಾ?"

"ನೋಡಬಾರದು ಅಂತಲೇ ಅಕ್ಕ."

ಎಡ ಎದೆಯ ಮೇಲೆ ಹಚ್ಚೆಯಿತ್ತು. ಹೆಬ್ಬೆರಳಿನಷ್ಟುದ್ದದ ಎರಡು ಪಾದ. ಹೊಟ್ಟೆಯಲ್ಲೇ ಉಸಿರು ನಿಂತ ಮಗಳದ್ದು. ಆಸ್ಪತ್ರೆಯವರು ಪಾದಗಳನ್ನು ಕಾಗದಕ್ಕೆ ಒತ್ತಿಕೊಟ್ಟಿದ್ದರು. "ಒಡವೆ ವಸ್ತ್ರ ಎಲ್ಲ ಇಲ್ಲೇ ಕಿತ್ಕೋತಾರೆ, ಸತ್ತಾಗ ಜೊತೆಗೆ ಬರೋದು ಹಚ್ಚೆ ಒಂದೇ" ಎಂದು ಅಜ್ಜಿ ಹೇಳುತ್ತಿದ್ದುದನ್ನು ಸಿರಿಶಾ ಅಳುತ್ತಾ ಗಂಡನಿಗೆ ಹೇಳಿದ್ದಳು. ಆ ಮೌನಗೌರಿ ಮಾರನೆಯ ದಿನ ಆ ಕಾಗದ ಒಯ್ದು ಎದೆಗೆ ಹಾಕಿಸಿಕೊಂಡು ಬಂದ. ಆಮೇಲೆ ಕಾಗದವನ್ನು ಮಗುವಿನ ಜೊತೆಗೇ ಪೆಟ್ಟಿಗೆಯಲ್ಲಿಟ್ಟು ಸುಟ್ಟರು. ಅಷ್ಟು ಎಳೆಯ ಮೂಳೆ, ಬೂದಿಯೂ ಉಳಿಯಲಿಲ್ಲ.

ಅವನ ಊರಿನಲ್ಲಿ ಹಚ್ಚೆ ಎಂದರೆ ರೌಡಿಗಳ ಗುರುತು. ಅಪ್ಪ ನಡೆಸುತ್ತಿದ್ದ ಸಾರ್ವಜನಿಕ ಸ್ನಾನದ ಮನೆಯ ಬಾಗಿಲಲ್ಲೇ ಹಚ್ಚೆಯವರು ಒಳಗೆ ಬರಕೂಡದು ಎಂಬ ಬೋರ್ಡಿತ್ತು. ಹೆತ್ತವರು ಕೊಟ್ಟ ಮೈಗೆ ಮಸಿ ಹಚ್ಚಿಕೊಂಡವನಿಗೆ ನಮ್ಮ ಮನೆತನದ ಗೋರಿಯಲ್ಲಿ ಜಾಗವಿಲ್ಲ ಎನ್ನುವ ಮುದುಕ ಅವನು. ಹೋದರೆ ಅಪ್ಪ ಜೊತೆಗೆ ಸ್ನಾನಕ್ಕೆ ಕರೆಯುತ್ತಾನೆಂದು ಹೆದರಿ ಶಿಂಗೊ ಮತ್ತೆ ಊರಿಗೆ ಹೋಗಲೇ ಇಲ್ಲ. ಅಪ್ಪ ಸತ್ತಾಗ ಕೂಡ. ಕೊನೆಗೆ ತಾನೇ ಹಾಸಿಗೆ ಹಿಡಿದಾಗ ಹೆಂಡತಿಯ ಕೈ ಹಿಡಿದು ಬೇಡಿಕೊಂಡ: "ಸುಟ್ಟಮೇಲೆ ನನ್ನ ಮೂಳೆಯನ್ನ ಅಪ್ಪನ ಪಕ್ಕ ಇಡಿಸು." ಅದಕ್ಕೆ ಹೂಂ ಅನ್ನಬೇಕಾದವರು ಅತ್ತೆ.

ಅತ್ತೆ ಚಿಯೊ ಬಂದರು. ಜಾಹ್ನವಿ ಹೊರಗೆ ಹೋಗಿ ಕೂತಳು. ಅತ್ತೆ ಮಗನ ಕೆನ್ನೆ ಸವರಿದರು, ಹಣೆ ಸವರಿದರು. ಆಮೇಲೆ ಅವರ ಕಣ್ಣು ಕಿಮೋನೊದ ಮೇಲೆ ನಿಂತಿತು.

"ತಪ್ಪು," ಎಂದರು. ಅತ್ತೆ ಸೊಸೆಗೆ ಇದ್ದದ್ದು ಹರಕುಮುರುಕು ಇಂಗ್ಲಿಷ್ ಒಂದೇ. "ಎಡಗಡೆಯ ಅಂಚು ಮೇಲೆ ಬಂದಿದೆ. ಅದು ಬದುಕಿರುವವರಿಗೆ. ಸತ್ತವರಿಗೆ ಬಲಗಡೆಯದು ಮೇಲೆ."

ಮದುವೆಯ ಫೋಟೊದಲ್ಲಿ ಅವನು ಉಟ್ಟಿದ್ದ ಹಾಗೆಯೇ ಸಿರಿಶಾ ಉಡಿಸಿದ್ದಳು. ತಿಥಿಯ ದಿನ ಅಪ್ಪನ ಜನಿವಾರ ಎಡ ಹೆಗಲಿನಿಂದ ಬಲಕ್ಕೆ ಹೋಗುವುದನ್ನು ನೋಡುತ್ತಲೇ ಬೆಳೆದವಳಿಗೆ ಸತ್ತವರ ಪಾಲಿಗೆ ಎಲ್ಲ ತಿರುಗುಮುರುಗು ಎಂದು ಹೊಳೆಯಬಾರದಿತ್ತೆ? ಹೊಳೆಯಲಿಲ್ಲ. ಕೆಟ್ಟ ಕಾಲಕ್ಕೆ ಬುದ್ಧಿಯೂ ಕೈಕೊಡುತ್ತದೆ.

"ನಾನೇ ಸರಿಮಾಡ್ತೀನಿ ಅಮ್ಮಾ, ನೀವು ಕೂತ್ಕೊಳ್ಳಿ."

"ಬೇಡ. ನನ್ನ ಮಗ."

ಗಂಟುಗಳು ಒಂದೊಂದಾಗಿ ಬಿಚ್ಚಿದವು. ಎದೆ ತೆರೆಯಿತು. ಅತ್ತೆ ಪಕ್ಕದಲ್ಲಿದ್ದ ಒದ್ದೆ ಬಟ್ಟೆ ತೆಗೆದುಕೊಂಡು ಹಚ್ಚೆಯನ್ನು ಉಜ್ಜತೊಡಗಿದರು. ಮೆಲ್ಲಗೆ ಶುರುಮಾಡಿದವರು ಬರಬರುತ್ತಾ ಮೈಮೇಲೆ ಬಂದವರಂತೆ ತಿಕ್ಕಿದರು. ತಣ್ಣಗಿನ ಚರ್ಮ ಸುಕ್ಕಾಯಿತೇ ಹೊರತು ಮಸಿ ಹೋಗಲಿಲ್ಲ. ಸಿರಿಶಾ ತಡೆಯಲಾರದೆ ಅವರ ಮುಂಗೈ ಹಿಡಿದಳು.

"ಉಜ್ಜಬೇಡಿ ಅಮ್ಮಾ. ಅದು ನಿಮ್ಮ ಮೊಮ್ಮಗಳ ಕಾಲು."

ಬಟ್ಟೆ ನಿಂತಿತು. ಅತ್ತೆ ಬಹಳ ಹೊತ್ತು ಆ ಪಾದಗಳನ್ನೇ ನೋಡಿದರು.

"ಗೋರಿಗೆ ಹೋಗುವುದು ಮೂಳೆ," ಎಂದರು ಕೊನೆಗೆ. "ಚರ್ಮ ಇಲ್ಲೇ ಸುಟ್ಟುಹೋಗುತ್ತದೆ. ಮೂಳೆಯಲ್ಲಿ ಮಸಿ ಇರುವುದಿಲ್ಲ. ಇವನು ಬರಲಿ."

ಶಿಂಗೊ ಕೇಳಿದ್ದು ಸಿಕ್ಕಿತು. ಆದರೆ ಗಂಡನಿಗೆ ಜಾಗ ಕೊಡಿಸುವ ಬೆಂಕಿಯೇ ಮಗಳನ್ನು ಎರಡನೆಯ ಸಲ ಸುಡಲಿತ್ತು. ಅಜ್ಜಿಯ ಮಾತು ನಿಜವೇ ಆಗಿರಲಿ ಎಂದು ಸಿರಿಶಾ ಹಲ್ಲು ಕಚ್ಚಿ ಬೇಡಿಕೊಂಡಳು. ನಂಬಿಕೆ ಮಾತ್ರ ಬರಲಿಲ್ಲ.

ಅತ್ತೆ ಎಡಗಡೆಯ ಅಂಚನ್ನು ಎಳೆದು ಪಾದಗಳನ್ನು ಮುಚ್ಚಿದರು. ಬಲಗಡೆಯದನ್ನು ಕೈಯಲ್ಲಿ ಹಿಡಿದು ತಡೆದರು.

"ಹೆಸರೇನು?"

"ಇಟ್ಟಿರಲಿಲ್ಲ," ಎಂದಳು ಸಿರಿಶಾ.

ಅತ್ತೆ ತಲೆಯಾಡಿಸಿ, ಬಲಗಡೆಯ ಅಂಚನ್ನು ಅದರ ಮೇಲೆ ತಂದು ಗಂಟು ಹಾಕಿದರು.