ತಂಗಿಯ ಬಾಗಿಲಿಗೆ ಬಂದ ನೆತ್ತರುನಾಯಿ

ಗಾವೆನ್ ಹೆದರಿಂಗ್ಟನ್‌ನ ದನಗಳು ಕಳುವಾದ ಬೆಳಿಗ್ಗೆ ಅವನು ಆರು ಜನರನ್ನು ಕಟ್ಟಿಕೊಂಡು, ಈಟಿಯ ತುದಿಗೆ ಉರಿಯುವ ಹುಲ್ಲುಹೆಂಟೆ ಸಿಕ್ಕಿಸಿಕೊಂಡು ನನ್ನ ಬಾಗಿಲಿಗೆ ಬಂದ. ಕಳ್ಳರ ಬೆನ್ನು ಹತ್ತಿದ್ದೇವೆ ಎನ್ನುವುದಕ್ಕೆ ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡ ನಮ್ಮ ಕಣಿವೆಯಲ್ಲಿ ಅದೇ ಗುರುತು. ಆ ಬೆಂಕಿಗಾಗಲಿ, ಮುಂದೆ ನಡೆಯುವ ನಾಯಿಗಾಗಲಿ ಅಡ್ಡ ಬಂದವರೂ ಕಳ್ಳರೇ ಎಂಬುದು ಕಾನೂನು.

ವಾಸನೆಯ ಜಾಡು ಹಿಡಿಯುವ ಊರಿನ ಬ್ಲಡ್‌ಹೌಂಡ್ ನಾಯಿ ಟಿಬ್ ನನ್ನ ಮನೆಯಲ್ಲಿತ್ತು. ಅದನ್ನು ಸಾಕುತ್ತಿದ್ದ ಗಂಡ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂದಿತ್ತು. ಜನ ಅದನ್ನು ನೆತ್ತರುನಾಯಿ ಎನ್ನುತ್ತಿದ್ದರು, ನೆತ್ತರು ಕುಡಿಯುತ್ತದೆಂದು ಮಕ್ಕಳನ್ನು ಹೆದರಿಸುತ್ತಿದ್ದರು. ಗಾಯಗೊಂಡ ಜಿಂಕೆಯ ನೆತ್ತರ ಜಾಡು ಹಿಡಿಯುವುದರಿಂದ ಆ ಹೆಸರು ಎನ್ನುತ್ತಿದ್ದ ನನ್ನ ಗಂಡ. ಅಲ್ಲ, ಒಳ್ಳೆಯ ರಕ್ತದ ತಳಿ ಎಂಬ ಅರ್ಥ ಎನ್ನುತ್ತಿದ್ದರು ಪಾದ್ರಿ. ಟಿಬ್ ಕುಡಿಯುತ್ತಿದ್ದದ್ದು ಓಟ್ಸ್ ಗಂಜಿ.

ಕಳ್ಳನೊಬ್ಬನ ಕೈಗವಸು ಗಾವೆನ್‌ನ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದನ್ನು ಮೂಸಿದ ಟಿಬ್ ಬಯಲು ದಾಟಿ, ಹೊಳೆ ದಾಟಿ ನಡೆಯಿತು. ಒಂದು ಕಡೆ ನಾಯಿಯ ಜಾಡು ತಪ್ಪಿಸಲು ಕಳ್ಳರು ದಾರಿಯುದ್ದಕ್ಕೂ ಕುರಿಯ ನೆತ್ತರು ಚೆಲ್ಲಿದ್ದರು.

"ಮುಗೀತು. ನೆತ್ತರು ಸಿಕ್ತಲ್ಲ, ಇನ್ನು ನೆಕ್ತಾ ಕೂತ್ಕೊಳ್ಳುತ್ತೆ ನಿನ್ನ ನಾಯಿ" ಎಂದ ಗಾವೆನ್.

ಟಿಬ್ ಒಮ್ಮೆ ಸೀನಿತು, ನೆತ್ತರನ್ನು ಸುತ್ತುಬಳಸಿ ಹೋಗಿ ಮತ್ತೆ ಜಾಡು ಹಿಡಿಯಿತು. ಆ ಕಾಲುದಾರಿಯ ಕೊನೆಗೆ ಇದ್ದದ್ದು ಒಂದೇ ಮನೆ, ನನ್ನ ತಂಗಿ ಸಿಸ್ಲಿಯದು. ನನ್ನ ಕೈ ತಾನಾಗಿ ಹಗ್ಗ ಜಗ್ಗಿತು.

"ಯಾಕೆ ಎಳೀತೀಯ ತಾಮಸಿನ್? ನಿನ್ನನ್ನೂ ಕಟ್ಟಿ ಒಯ್ಬೇಕಾ?" ಎಂದ ಗಾವೆನ್.

ಹಗ್ಗ ಸಡಿಲ ಬಿಟ್ಟೆ.

ಸಿಸ್ಲಿಯ ಗಂಡ ನಿನಿಯನ್ ಬಾಗಿಲಲ್ಲಿ ಭರ್ಜಿ ಹಿಡಿದು ನಿಂತಿದ್ದ. "ಇಲ್ಲಿ ಯಾವ ದನಾನೂ ಇಲ್ಲ. ಅತ್ತಿಗೆ, ಆ ದರಿದ್ರ ನಾಯೀನ ಆಚೆ ಎಳ್ಕೊಂಡು ಹೋಗು!"

ಟಿಬ್ ನೇರವಾಗಿ ಹೋಗಿ ಅವನ ಎದೆಯ ಮೇಲೆ ಎರಡೂ ಮುಂಗಾಲಿಟ್ಟು, ಬಾಲ ಅಲ್ಲಾಡಿಸುತ್ತ ಗಲ್ಲ ನೆಕ್ಕಿತು. ಕೈಗವಸಿನ ವಾಸನೆ ಅವನದೇ ಎನ್ನಲು ಅಷ್ಟೇ ಸಾಕಾಯಿತು. ಆರೂ ಜನ ಅವನ ಮೇಲೆ ಬಿದ್ದರು. ದನಗಳು ಮನೆಯ ಹಿಂದಿನ ತಗ್ಗಿನಲ್ಲೇ ಸಿಕ್ಕವು.

ಸಿಸ್ಲಿ ನನ್ನ ಹತ್ತಿರ ಬಂದಳು. "ಇಷ್ಟು ದೂರ ಬರೋವಾಗ ಒಂದು ಸಲ ಕಾಲು ಉಳುಕಿದ ಹಾಗೆ ನಟಿಸೋಕಾಗ್ಲಿಲ್ವಾ ಅಕ್ಕಾ?"

"ನನ್ನನ್ನೂ ನೇಣಿಗೆ ಹಾಕ್ತಿದ್ರು ಕಣೇ."

"ಹಾಕ್ಲಿ ಬಿಡು! ಪಾಪ, ಆ ಮೂಕಪ್ರಾಣೀನ ನೆತ್ತರುನಾಯಿ ಅಂತಾರೆ. ನೀನೇ ಕಣೇ ನೆತ್ತರುನಾಯಿ." ನನ್ನ ಮುಖಕ್ಕೆ ಉಗಿದಳು.

ನಿನಿಯನ್‌ನನ್ನು ಕಾರ್ಲೈಲ್ ಪಟ್ಟಣದಲ್ಲಿ ಗಲ್ಲಿಗೇರಿಸಿದರು. ಸಿಸ್ಲಿ ಮಕ್ಕಳನ್ನು ಕರೆದುಕೊಂಡು ಗಡಿ ದಾಟಿದಳು. ಚರ್ಚಿನಲ್ಲಿ ನನ್ನ ಪಕ್ಕ ಯಾರೂ ಕೂರದೆ ಬೆಂಚು ಖಾಲಿಯಾಯಿತು. ಅವಳಿಟ್ಟ ಹೆಸರನ್ನೇ ಊರವರೂ ಹಿಡಿದುಕೊಂಡರು.

ಮರುವರ್ಷ ಮತ್ತೆ ದನ ಕಳುವಾಗಿ ಗಾವೆನ್ ಉರಿಯುವ ಹೆಂಟೆ ಹಿಡಿದು ಬಂದ. "ನೀನೇ ಕರ್ಕೊಂಡು ಹೋಗು" ಎಂದು ಹಗ್ಗವನ್ನು ಅವನ ಕೈಗಿಟ್ಟೆ. ಟಿಬ್ ಹೊಸಿಲು ಬಿಟ್ಟು ಕದಲಲಿಲ್ಲ. ಅವನು ಬೂಟುಗಾಲಿನಿಂದ ಅದರ ಪಕ್ಕೆಗೆ ಒದ್ದ. ಅವನ ಕೆನ್ನೆಗೆ ಬಾರಿಸಿ ಹಗ್ಗ ಕಿತ್ತುಕೊಂಡೆ.

"ನಡಿ" ಎಂದೆ ಟಿಬ್‌ಗೆ. ಈ ಸಲ ಜಾಡು ಯಾರ ಮನೆಗೆ ಒಯ್ಯುತ್ತದೋ ಎಂದು ಯೋಚಿಸಲಿಲ್ಲ.