ಸಮಾಧಿಯ ಹತ್ತಿರ ಬಿಟ್ಟ ಮಾತು

ಮನೆಪ್ರಾರ್ಥನೆಯ ಸರದಿ ಅಣ್ಣಮ್ಮನಿಗೆ ಬಂದ ವಾರವೇ ಸತ್ಯವೇದದಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯವೂ ಬಂತು. ಅದು ದೇವರ ಚಿತ್ತವೋ ದೇವರ ಕುಚೇಷ್ಟೆಯೋ ಅವಳಿಗೆ ತಿಳಿಯಲಿಲ್ಲ.

ಲಗ್ಗೆರೆಯ ಆ ಮಹಡಿ ಮನೆಯಲ್ಲಿ ಜಮಖಾನೆ ಹಾಸಿತ್ತು. ಗೋಡೆಯ ಮೇಲೆ ಅವಳ ಗಂಡ ದಾನಿಯೇಲನ ಫೋಟೋ ಹೊಸದಾಗಿ ಏರಿತ್ತು. ಪ್ರಾರ್ಥನೆಯ ಜನ ಬರುತ್ತಾರೆಂದರೆ ಚಪ್ಪಲಿ ಮೆಟ್ಟಿ ಜಾರಿಕೊಳ್ಳುತ್ತಿದ್ದ ಮನುಷ್ಯ ಈಗ ಮೊಳೆಗೆ ಸಿಕ್ಕಿಬಿದ್ದು ಎಲ್ಲವನ್ನೂ ಕೇಳಬೇಕಾಗಿತ್ತು.

ದಾನಿಯೇಲ ಚರ್ಚಿನ ಹಳೆಯ ಉಪದೇಶಿಯ ಮಗ. ಎಳೆಗೂಸಾಗಿದ್ದಾಗಲೇ ದೀಕ್ಷಾಸ್ನಾನವಾಗಿತ್ತು. ಅಪ್ಪ ಬೆತ್ತ ಹಿಡಿದು ವಾಕ್ಯಗಳನ್ನು ಬಾಯಿಪಾಠ ಮಾಡಿಸಿದ್ದ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದೇ ತಡ, ಮಗ ದೇವರನ್ನು ಅಷ್ಟೇ ಅಚ್ಚುಕಟ್ಟಾಗಿ ಬಿಟ್ಟ. ಅಣ್ಣಮ್ಮನದು ಹೇರೋಹಳ್ಳಿ, ಗ್ರಾಮದೇವತೆಯ ಹೆಸರಿಟ್ಟುಕೊಂಡು ಹುಟ್ಟಿದವಳು. ಮದುವೆಗೆ ಮುಂಚೆ ಮಾವನೇ ನಿಂತು ಅವಳಿಗೆ ದೀಕ್ಷೆ ಕೊಡಿಸಿದ್ದ. ಸತ್ಯವೇದದಲ್ಲೂ ಅನ್ನ ಎಂಬುವಳೊಬ್ಬಳಿದ್ದಾಳೆ, ಹೆಸರು ಹಾಗೇ ಇರಲಿ ಅಂದಿದ್ದ. ಕೊನೆಗೆ ಆದದ್ದೇನೆಂದರೆ, ಒಳಗೆ ಹುಟ್ಟಿದವನು ಹೊರಗೆ ಹೋದ, ಹೊರಗಿನಿಂದ ಬಂದವಳು ಒಳಗೆ ಉಳಿದಳು.

ಆದರೂ ಪ್ರತಿ ಭಾನುವಾರ ಅವಳನ್ನು ಸ್ಕೂಟರಿನಲ್ಲಿ ರಾಜಾಜಿನಗರದ ಚರ್ಚಿಗೆ ಬಿಡುತ್ತಿದ್ದವನು ಅವನೇ. ಬಿಟ್ಟು ಎದುರಿನ ಟೀ ಅಂಗಡಿಯಲ್ಲಿ ಕೂರುತ್ತಿದ್ದ. ಧ್ವನಿವರ್ಧಕದಲ್ಲಿ ಬೋಧನೆಯೆಲ್ಲ ಅಲ್ಲಿಗೂ ಕೇಳುತ್ತಿತ್ತು. ವಾಪಸ್ ಬರುವಾಗ, "ಏನು ಕೊರೆದ್ರೇ ನಿಮ್ಮಯ್ನೋರು?" ಎಂದು ಕೇಳಿ, ಅವಳು ಬಾಯಿ ತೆರೆಯುವ ಮೊದಲೇ, "ಅದು ಹಾಗಲ್ಲ ಕಣೇ" ಎಂದು ತಾನೇ ಮತ್ತೊಂದು ಬೋಧನೆ ಶುರುಮಾಡುತ್ತಿದ್ದ.

ಅವನನ್ನು ಮಣ್ಣು ಮಾಡಿದ ದಿನ ಚರ್ಚಿನ ಎಳೆಯ ವಯಸ್ಸಿನ ಪಾದ್ರಿ ಯಶ್ವಂತ್ ಅಯ್ಯನವರು ಮಣ್ಣಿಗೆ ಮಣ್ಣು ಎಂದರು. ಮುಂದೆ, ಮತ್ತೆ ಎದ್ದುಬರುವನೆಂಬ ನಿಶ್ಚಯವಾದ ನಿರೀಕ್ಷೆಯಿಂದ ಎಂಬ ಮಾತು ಬರಬೇಕಿತ್ತು. ಬರಲಿಲ್ಲ. ಅದನ್ನು ಹಾರಿಸಿ ಅವರು ಕರ್ತನ ಪ್ರಾರ್ಥನೆಗೆ ಹೋದರು. ಎಷ್ಟೋ ಸಮಾಧಿಗಳ ಪಕ್ಕ ನಿಂತಿದ್ದ ಅಣ್ಣಮ್ಮ ಅದನ್ನು ಗಮನಿಸಿದಳು. ಆ ಮಾತನ್ನು ಅಯ್ಯನವರ ಬಾಯಿಂದ, ನಾಲ್ಕು ಜನರೆದುರು ಹೇಳಿಸಬೇಕೆಂದೇ ಇವತ್ತು ಕಾದು ಕೂತಿದ್ದಳು.

ಅಧ್ಯಾಯ ಓದುತ್ತ ಅರ್ಧಕ್ಕೆ ಬಂದಾಗ ಪಕ್ಕದ ಬೀದಿಯ ಜಲಜಾ ಕಣ್ಣು ಮುಚ್ಚಿ ಹೇಳಿದಳು: "ಯೆಹೂದ್ಯರು ನಂಬ್ಲಿಲ್ಲ, ದೇವರು ಅವರನ್ನ ಮರದ ಕೊಂಬೆ ಹಾಗೆ ಕಡಿದು ಹಾಕ್ದ. ಆ ಜಾಗಕ್ಕೆ ನಮ್ಮನ್ನ ಕಸಿ ಕಟ್ದ. ನಮ್ಮ ಪುಣ್ಯ."

"ಅದಕ್ಕೇ ಪೌಲ ಜಂಬ ಬೇಡ ಅಂತಾನೆ ಜಲಜಕ್ಕ," ಎಂದರು ಅಯ್ಯನವರು. "ಬೇರು ನಮ್ಮನ್ನ ಹೊತ್ತಿದೆ, ನಾವು ಬೇರನ್ನಲ್ಲ. ಪಿತೃಗಳ ದೆಸೆಯಿಂದ ಯೆಹೂದ್ಯರು ಇವತ್ತಿಗೂ ದೇವರಿಗೆ ಪ್ರಿಯರು. ಕೊನೆಗೆ ಇಸ್ರಾಯೇಲೆಲ್ಲ ರಕ್ಷಣೆ ಹೊಂದುತ್ತೆ."

"ನಂಬದೇ ಇದ್ರೂನಾ?" ಎಂದಳು ಅಣ್ಣಮ್ಮ.

"ಕಡಿದ ಕೊಂಬೆನ ಮತ್ತೆ ಕಟ್ಟೋ ಶಕ್ತಿ ದೇವರಿಗಿದೆ ಅಮ್ಮ. ಹೊರಗಿನವರಿಗೆ ಸಿಕ್ಕಿದ್ದು ನೋಡಿ ಅವರಿಗೆ ಹೊಟ್ಟೆಕಿಚ್ಚಾಗ್ಲಿ, ಹಾಗಾದ್ರೂ ಬರ್ಲಿ ಅಂತ ದೇವರ ಉಪಾಯ."

"ಹೊಟ್ಟೆಕಿಚ್ಚು ಹಚ್ಚೋದು ನಮ್ಮ ಓರಗಿತ್ತೀರ ಕೆಲಸ ಅಂದ್ಕೊಂಡಿದ್ದೆ. ದೇವರೂ ಕಲ್ತಿದಾನಾ? ಹಾಗಿದ್ರೆ ನಮ್ಮನೇಲೂ ಹಚ್ಚಿದ್ದ ಬಿಡಿ. ಇಲ್ದಿದ್ರೆ ಆ ಮುದುಕ ಪ್ರತಿ ಭಾನುವಾರ ಟೀ ಅಂಗಡೀಲಿ ಕೂತು ನಿಮ್ಮ ಬೋಧನೆ ಯಾಕೆ ಕೇಳ್ತಿದ್ರು? ಆ ಟೀನೂ ಅಷ್ಟು ಚೆನ್ನಾಗಿರ್ಲಿಲ್ಲ."

ಜಮಖಾನೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು.

"ಅವರಪ್ಪ ಉಪದೇಶಿ," ಅಣ್ಣಮ್ಮ ಬಿಡಲಿಲ್ಲ. "ಅಪ್ಪಂದಿರ ದೆಸೆಯಿಂದ ಅನ್ನೋದು ಯೆಹೂದ್ಯರಿಗೆ ಮಾತ್ರಾನಾ?"

"ಪೌಲ ಹೇಳ್ತಿರೋದು ಒಂದು ಜನಾಂಗದ ವಿಷಯ ಅಮ್ಮ. ಒಬ್ಬೊಬ್ಬರದ್ದಲ್ಲ."

"ಒಂದು ಜನಾಂಗಕ್ಕೇ ಜಾಗ ಇರೋ ಕಡೆ ಒಬ್ಬ ಮುದುಕನಿಗೆ ಇಲ್ವಾ? ಮೂಲೇಲಿ ಕೂತ್ಕೋತಾರೆ."

"ಸತ್ತ ಮೇಲೆ ಬಾಗಿಲು ಮುಚ್ಚಿದ ಹಾಗೇ ಅಕ್ಕ," ಎಂದಳು ಜಲಜಾ.

"ಬಾಗಿಲು ಕಾಯೋ ಕೆಲಸಕ್ಕೆ ನೀನ್ಯಾವಾಗ ಸೇರ್ದೆ? ಅಯ್ನೋರೇ, ಕೊನೇದು ಓದಿ."

ಅವರು ಓದಿದರು. ದೇವರ ಜ್ಞಾನ ಎಷ್ಟು ಆಳ, ಅವನ ತೀರ್ಪುಗಳನ್ನು ಬಗೆದು ನೋಡಿದವರು ಯಾರು, ಅವನಿಗೆ ಆಲೋಚನೆ ಹೇಳಿದವರು ಯಾರು ಎಂದು ಪೌಲನ ವಾದ ಮುಗಿಯುತ್ತದೆ.

"ನೋಡಿ," ಎಂದಳು ಅಣ್ಣಮ್ಮ. "ಅಷ್ಟು ದೊಡ್ಡೋನು ಮೂರು ಅಧ್ಯಾಯ ಗುದ್ದಾಡಿ, ಕೊನೆಗೆ ನನಗೆ ಎಟುಕಲ್ಲಪ್ಪ ಅಂತ ಕೈ ಮುಗಿದ. ನೀವು ಗುಂಡಿ ಪಕ್ಕ ನಿಂತು ಅಷ್ಟು ಬೇಗ ಹೆಂಗೆ ತೀರ್ಪು ಕೊಟ್ರಿ? ಆ ಮಾತು ಯಾಕೆ ಬಿಟ್ರಿ?"

ನಗು ನಿಂತಿತು. ಯಶ್ವಂತ್ ಪುಸ್ತಕ ಮುಚ್ಚಿದರು.

"ನಾನು ತೀರ್ಪು ಕೊಡ್ಲಿಲ್ಲ ಅಮ್ಮ. ಅವರೇ ಬೇಡ ಅಂದಿದ್ರು. ಆಸ್ಪತ್ರೇಲಿ ನೋಡೋಕೆ ಹೋದಾಗ, 'ಲೇ ಹುಡುಗ, ನನ್ನ ಮೇಲೆ ನಿಂತ್ಕೊಂಡು ನಿರೀಕ್ಷೆ ಗಿರೀಕ್ಷೆ ಅಂತ ಸುಳ್ಳು ಹೇಳ್ಬೇಡ, ನಾನು ನಂಬಲ್ಲ' ಅಂದ್ರು. ನಾನು ಮಾತು ಕೊಟ್ಟೆ."

ಅಣ್ಣಮ್ಮ ಫೋಟೋ ಕಡೆ ತಿರುಗಿದಳು. ಸತ್ತ ಮೇಲೂ ಜಾರಿಕೊಳ್ಳಲು ದಾರಿ ಮಾಡಿಟ್ಟಿದ್ದ ಕಳ್ಳ. ಅವಳಿಗೆ ಸಿಟ್ಟು ಬಂತು. ಆಮೇಲೆ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡಳು.

"ನಂಬದೋರ ಮಾತು ನೀವು ನಂಬಿದ್ರಾ?" ಎಂದಳು. "ಇಷ್ಟು ವರ್ಷ ಸಂಸಾರ ಮಾಡಿ, ಚರ್ಚಿನ ವಿಷಯಕ್ಕೆ ಅವರು ಹೇಳಿದ್ದು ನಾನು ಒಂದೂ ಕೇಳಿಲ್ಲ. ಹೋಗ್ಲಿ, ಇದು ಹೇಳಿ. ಗುಂಡಿ ಹತ್ರ ಹೇಳೋ ನಿರೀಕ್ಷೆ ಯಾರದು? ಮಲಗಿರೋರದಾ, ನಿಂತಿರೋರದಾ?"

"ನಿಂತಿರೋರದು," ಎಂದರು ಅಯ್ಯನವರು.

"ಮತ್ತೆ ಅವರನ್ಯಾಕೆ ಕೇಳಿದ್ರಿ? ನನ್ನನ್ನ ಕೇಳ್ಬೇಕಿತ್ತು."

ಯಶ್ವಂತ್ ಎದ್ದು ನಿಂತರು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಮಂಡಿ ಹಿಡಿದುಕೊಂಡು ಜಲಜಾ ಸಹ ಎದ್ದಳು. ಅಯ್ಯನವರು ಫೋಟೋ ನೋಡುತ್ತ, "ನಮ್ಮ ಸಹೋದರನಾದ ದಾನಿಯೇಲನು ಮತ್ತೆ ಎದ್ದುಬರುವನೆಂಬ ನಿಶ್ಚಯವಾದ..." ಎನ್ನುವಷ್ಟರಲ್ಲಿ ಅಡುಗೆಮನೆಯಲ್ಲಿ ಕಡಲೆಕಾಳಿನ ಕುಕ್ಕರ್ ಕೂಗಿ ಮುಂದಿನದೊಂದೂ ಕೇಳಿಸಲಿಲ್ಲ.

"ಜಲಜಾ, ಹೋಗಿ ಒಲೆ ಆರಿಸು," ಎಂದಳು ಅಣ್ಣಮ್ಮ. ತಾನು ಹೋಗಿ ಬೀದಿಯ ಕಡೆಯ ಕಿಟಕಿ ತೆರೆದಳು. ಕೆಳಗೆ, ಗೇಟಿನ ಪಕ್ಕದಲ್ಲಿ, ಅವನ ಸ್ಕೂಟರು ನಿಂತಿತ್ತು.

"ಮೊದಲಿಂದ ಹೇಳಿ ಅಯ್ನೋರೇ. ಸ್ವಲ್ಪ ಜೋರಾಗಿ."