ಹುಣಸೆಹಣ್ಣಿನಲ್ಲಿ ಬೆಳಗಿದ ಸೂರ್ಯ

"ಧಾರಿಣಿ, ಲೈನ್‌ನಲ್ಲಿ ಇದೀಯಾ?"

ಶಾಂತಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಮಗಳನ್ನು ಕೇಳಿದರು. ನಾಳೆ ಶುಕ್ರವಾರವೆಂದು ದೇವರ ಸಾಮಾನು ಬೆಳಗುವಾಗ, ಮಗಳ ಮೇಜಿನ ಮೇಲೆ ಕಪ್ಪಗಾಗಿದ್ದ ಕಂಚಿನ ದೀಪವನ್ನೂ ಹುಣಸೆಹಣ್ಣು ಹಾಕಿ ಉಜ್ಜಿದೆ ಎಂದು ಈಗಷ್ಟೇ ಹೆಮ್ಮೆಯಿಂದ ಹೇಳಿದ್ದರು.

"ಅದನ್ನ ಇನ್ನು ಮುಟ್ಟಬೇಡಮ್ಮ. ಬರ್ತಿದೀನಿ."

ಮಗಳು ಬೈದಿದ್ದರೆ ಶಾಂತಮ್ಮನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಹಳೆಯ ಸಾಮಾನು ರಿಪೇರಿ ಮಾಡುವ ಅಂಗಡಿಯಲ್ಲಿ ಧಾರಿಣಿಗೆ ಕೆಲಸ ಸಿಕ್ಕಿದ್ದು ಮೊನ್ನೆ ಮೊನ್ನೆ. ಗಿರಾಕಿಯೊಬ್ಬರ ಈ ಕರೆಂಟ್ ದೀಪವನ್ನು ವೈರ್ ಬದಲಿಸಲು ದೆಹಲಿ ಪಕ್ಕದ ಇಂದಿರಾಪುರಂನ ಫ್ಲ್ಯಾಟಿಗೆ ತಂದಿದ್ದಳು. "ಆರ್ಟ್ ಡೆಕೊ ಅನ್ನೋ ಹಳೇ ಶೈಲಿ ಅಮ್ಮ, ನಿಮ್ಮಜ್ಜಿ ಕಾಲದ್ದು" ಎಂದು ತೋರಿಸಿದ್ದಳು. ಮೆಟ್ಟಿಲು ಮೆಟ್ಟಿಲಾದ ಪೀಠ, ಮೇಲೆ ಅರ್ಧ ಸೂರ್ಯ, ಸ್ಕೇಲಿಟ್ಟು ಎಳೆದಂಥ ಕಿರಣಗಳು. ಚೆಂದವೇನೋ ಹೌದು, ಆದರೆ ಇಷ್ಟು ಕೊಳೆ ಇಟ್ಟುಕೊಂಡು ಯಾರಾದರೂ ದೀಪ ಹಚ್ಚುತ್ತಾರೆಯೇ?

ಧಾರಿಣಿ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. ದೀಪ ಥಳಥಳ ಹೊಳೆಯುತ್ತಿತ್ತು.

"ಅದು ಕೊಳೆ ಅಲ್ಲಮ್ಮ. ಆ ಕಪ್ಪು ಬಣ್ಣ ದೀಪ ಮಾಡಿದವರೇ ಕೊಟ್ಟಿದ್ದು. ಅದಕ್ಕೇ ಇದರ ಬೆಲೆ."

"ಆ ಬಣ್ಣ ಮತ್ತೆ ಹಚ್ಚೋಕಾಗಲ್ವಾ?"

"ಹಳೇದು ವಾಪಸ್ ಬರಲ್ಲ. ಇದು ನಮ್ಮ ಗಿರಾಕಿ ಕಪೂರ್ ಅವರ ತಾತಂದು. ಇವತ್ತು ಸಂಜೆ ನಮ್ಮ ಅಂಗಡಿ ಸರ್ ಜೊತೆ ಇಲ್ಲಿಗೇ ಬರ್ತಿದಾರೆ, ತಗೊಂಡು ಹೋಗೋಕೆ."

"ನಿನ್ನ ಕೆಲಸ?"

ಧಾರಿಣಿ ತಾಯಿಯ ಕಡೆ ನೋಡಲಿಲ್ಲ. "ನಾನೇ ಅದರ ಮೇಲೆ ಕೆಮಿಕಲ್ ಚೆಲ್ಲಿಬಿಟ್ಟೆ ಅಂತೀನಿ. ನೀನು ಒಳಗಿರು."

ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂಬ ಗಾದೆ ಹೇಳುವವರಿಗೆ ಸುಲಭ. ಲಿಫ್ಟ್ ಸದ್ದಾದಾಗಲೆಲ್ಲ ಶಾಂತಮ್ಮ ಬಾಗಿಲ ಕಡೆ ಇಣುಕುತ್ತಿದ್ದರು. ಅಡುಗೆಮನೆಯಿಂದಲೇ ಕೇಳಿದರು, "ಹಿಂದೀಲಿ 'ನಾನು ಮಾಡಿದೆ' ಅನ್ನೋಕೆ ಏನಂತಾರೆ?"

"ಮೈನೇ ಕಿಯಾ. ಯಾಕೆ?"

"ಸುಮ್ನೆ."

ಕರೆಗಂಟೆ ಸದ್ದಾಯಿತು. ಧಾರಿಣಿ ಕುರ್ಚಿ ಬಿಟ್ಟು ಏಳುವ ಮೊದಲೇ, ಈ ಊರಿಗೆ ಬಂದಾಗಿನಿಂದ ಯಾರಾದರೂ ಗಂಟೆ ಬಾರಿಸಿದರೆ ಹಿಂದಿ ಬರುವುದಿಲ್ಲವೆಂದು ಅಡುಗೆಮನೆ ಸೇರುತ್ತಿದ್ದ ಶಾಂತಮ್ಮ ಹೊರಗೆ ಬಂದರು. ಅವರ ಬೆರಳುಗಳಿಗೆ ಹುಣಸೆಹಣ್ಣಿನ ವಾಸನೆ ಇನ್ನೂ ಅಂಟಿಕೊಂಡಿತ್ತು. ತುಟಿಯೊಳಗೇ "ಮೈನೇ ಕಿಯಾ, ಮೈನೇ ಕಿಯಾ" ಎಂದುಕೊಳ್ಳುತ್ತ, ಸೆರಗು ಸರಿಮಾಡಿಕೊಂಡು ಚಿಲಕಕ್ಕೆ ಕೈ ಹಾಕಿದರು.